ಮರುಭೂಮಿ ದಾಟಲು ಎಷ್ಟು ನೀರು, ಎಷ್ಟು ಪೆಟ್ರೋಲು?

ಪ್ರವಾಸವೆಂದೊಡನೆ ನಾವು ಮೊದಲು ಬಿಚ್ಚುವುದು ಭೂಪಟವನ್ನು. ಎರಡು ಊರುಗಳ ನಡುವಣ ಗೆರೆಯನ್ನು ಅಳೆದು, 'ಇಷ್ಟು ದೂರ, ಇಷ್ಟು ದಿನ' ಎಂದು ಲೆಕ್ಕ ಹಾಕುತ್ತೇವೆ. ಹರದಾರಿಗೊಂದು ಊರೂ ಊರಿಗೊಂದು ಬಾವಿಯೂ ಇರುವ ನಾಡಿನಲ್ಲಿ ಈ ಲೆಕ್ಕ ಸಾಕು. ಮರುಭೂಮಿಯಲ್ಲಿ ಸಾಲದು. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ನೀರೂ ಪೆಟ್ರೋಲೂ ದೊರೆಯದ ಅತ್ಯಂತ ಉದ್ದವಾದ ತುಣುಕು ಯಾವುದು? ಪ್ರವಾಸದ ಒಟ್ಟು ದೂರವಲ್ಲ, ಆ ಒಂದು ತುಣುಕೇ ಸಿದ್ಧತೆಯ ಅಳತೆಗೋಲು. ಅದನ್ನು ಸುರಕ್ಷಿತವಾಗಿ ದಾಟುವ ಉಪಾಯ ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಅದು ಹೇಗೆಂಬುದನ್ನು ಒಂದು ನಿಜವಾದ ದಾರಿಯನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಿಸೋಣ.

ದೇಶ ಮತ್ತು ದಾರಿ

ಆಫ್ರಿಕ ಖಂಡದ ನೈಋತ್ಯ ಅಂಚಿನಲ್ಲಿ ೧೯೯೦ರಲ್ಲಿ ಸ್ವತಂತ್ರವಾದ ನಮೀಬಿಯ ದೇಶವಿದೆ. ಅದರ ಪಶ್ಚಿಮದ ಕರಾವಳಿಯುದ್ದಕ್ಕೂ ನಮೀಬ್ ಮರುಭೂಮಿ ಹಬ್ಬಿದೆ. ರಾಜಧಾನಿ ವಿಂಡ್‌ಹುಕ್ ಸಮುದ್ರಮಟ್ಟದಿಂದ ಸುಮಾರು ೧೬೫೦ ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ರೆಹೋಬೋತ್ ಪಟ್ಟಣದವರೆಗೆ ಡಾಮರು ರಸ್ತೆ. ಆಮೇಲೆ ಜಲ್ಲಿಯ ರಸ್ತೆ ಪಶ್ಚಿಮಕ್ಕೆ ತಿರುಗಿ, ಕಡಿದಾದ ಘಟ್ಟವನ್ನಿಳಿದು, ಸಾಲಿಟೇರ್ ಎಂಬ ಪುಟ್ಟ ನೆಲೆಯನ್ನು ಸೇರುತ್ತದೆ. ಅಲ್ಲೊಂದು ಪೆಟ್ರೋಲ್ ಪಂಪು, ಒಂದು ಅಂಗಡಿ, ಕೆಲವೇ ಕಟ್ಟಡಗಳು. ಅಲ್ಲಿಂದ ಸಿ-೧೪ ಎಂಬ ರಸ್ತೆ ಮಕರ ಸಂಕ್ರಾಂತಿ ವೃತ್ತವನ್ನು ದಾಟಿ, ಕುಯ್ಸೆಬ್ ನದಿಯ ಕಣಿವೆಯನ್ನಿಳಿದು ಹತ್ತಿ, ಬಟ್ಟಬಯಲಿನಲ್ಲಿ ಸಾಗಿ, ವಾಲ್ವಿಸ್ ಬೇ ಎಂಬ ಬಂದರನ್ನು ಮುಟ್ಟುತ್ತದೆ. ಸಾಲಿಟೇರಿನಿಂದ ಬಂದರಿಗೆ ಸುಮಾರು ೨೩೦ ಕಿಲೋಮೀಟರ್. ನಡುವೆ ಪೆಟ್ರೋಲಿಲ್ಲ. ಕುಯ್ಸೆಬ್ ವರ್ಷದ ಬಹುಭಾಗ ಒಣಗಿದ ಮರಳಿನ ಪಾತ್ರ. ವಾಲ್ವಿಸ್ ಬೇಯಲ್ಲಿ ವರ್ಷಕ್ಕೆ ೨೫ ಮಿಲಿಮೀಟರಿನಷ್ಟೂ ಮಳೆ ಬೀಳುವುದಿಲ್ಲ. ನಮ್ಮ ತುಣುಕು ಇದೇ.

ಭಾರತದಿಂದ ಹೋಗುವ ಸವಾರನಿಗೆ ಅಲ್ಲೊಂದು ಅನುಕೂಲವಿದೆ: ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಸ್ವಂತ ವಾಹನವನ್ನು ಹಡಗಿನಲ್ಲಿ ಸಾಗಿಸಿದರೆ ಸುಂಕದ ಕಾಗದಪತ್ರಗಳ ಜಂಜಾಟ ಬಹಳ. ವಿಂಡ್‌ಹುಕ್‌ನಲ್ಲಿ ಬಾಡಿಗೆಗೆ ಪಡೆಯುವುದೇ ಸುಲಭ. ಊರಿನಿಂದ ಹೊರಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಳ್ಳಬೇಕು. ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಸೋಸಸ್‌ಫ್ಲೇ ಎಂಬಲ್ಲಿಯ ಕೆಂಪು ಮರಳುದಿಬ್ಬಗಳು ಜಗತ್ಪ್ರಸಿದ್ಧ. ಆದರೆ ಸೆಸ್ರೀಮ್ ದ್ವಾರದಿಂದ ಒಳಗೆ ಮೋಟಾರ್ ಸೈಕಲಿಗೆ ಪ್ರವೇಶವಿಲ್ಲ. ಅಲ್ಲಿ ವಾಹನವನ್ನು ಹೊರಗೆ ನಿಲ್ಲಿಸಿ ಬೇರೆ ಗಾಡಿಯಲ್ಲಿ ಹೋಗಬೇಕು. ಇದನ್ನು ತಿಳಿಯದೆ ಯೋಜನೆ ಮಾಡಿದವನಿಗೆ ಒಂದು ದಿನವೇ ನಷ್ಟ.

ಕಾಲವನ್ನು ಆರಿಸುವಾಗ ಅದು ದಕ್ಷಿಣ ಗೋಳಾರ್ಧವೆಂಬುದನ್ನು ಮರೆಯಬಾರದು. ನಮ್ಮ ಮುಂಗಾರಿನ ತಿಂಗಳುಗಳಾದ ಜೂನ್, ಜುಲೈ, ಆಗಸ್ಟ್ ಅಲ್ಲಿಯ ಚಳಿಗಾಲ. ಒಣಹವೆ, ತಂಪಾದ ಹಗಲು, ಒಳನಾಡಿನಲ್ಲಿ ಕೊರೆಯುವ ರಾತ್ರಿ. ಅಕ್ಟೋಬರಿನಿಂದ ಮುಂದೆ ಒಳನಾಡಿನ ಬಿಸಿಲು ೪೦ ಡಿಗ್ರಿಯನ್ನು ಮುಟ್ಟಬಹುದು. ವರ್ಷದ ಮೊದಲ ತಿಂಗಳುಗಳಲ್ಲಿ ಎಲ್ಲೋ ದೂರದಲ್ಲಿ ಬಿದ್ದ ಮಳೆ ಒಣನದಿಯಲ್ಲಿ ತಟ್ಟನೆ ಹರಿದುಬಂದು ರಸ್ತೆಯನ್ನು ಕತ್ತರಿಸುವುದೂ ಉಂಟು. ವಿವೇಕಿಯಾದವನು ಚಳಿಗಾಲವನ್ನೇ ಆರಿಸುತ್ತಾನೆ. ಆದರೆ ಲೆಕ್ಕವನ್ನು ಮಾತ್ರ ಅತ್ಯಂತ ಬಿಸಿಯಾದ ದಿನಕ್ಕೆ ಹಾಕುತ್ತಾನೆ.

ಪೆಟ್ರೋಲಿನ ಲೆಕ್ಕ

ನಮ್ಮ ವಾಹನದ ಟ್ಯಾಂಕಿನಲ್ಲಿ ೧೫ ಲೀಟರ್ ಹಿಡಿಯುತ್ತದೆಂದೂ, ಹೊರೆ ಹೇರಿಕೊಂಡು ಜಲ್ಲಿಯ ಮೇಲೆ ಓಡುವಾಗ ಲೀಟರಿಗೆ ೨೦ ಕಿಲೋಮೀಟರ್ ದೊರೆಯುತ್ತದೆಂದೂ ಭಾವಿಸೋಣ. ಹಾಗಾದರೆ ಒಟ್ಟು ೩೦೦ ಕಿಲೋಮೀಟರ್. ದಾರಿ ೨೩೦. ಉಳಿತಾಯ ೭೦. ಇಷ್ಟಕ್ಕೆ ತೃಪ್ತನಾಗಿ ಹೊರಟವನು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ಇಲ್ಲಿ ವೇಗವೆಂದರೆ ನೆಲಕ್ಕೆ ಸಂಬಂಧಿಸಿದ ವೇಗವಲ್ಲ, ಗಾಳಿಗೆ ಸಂಬಂಧಿಸಿದ ವೇಗ. ನಮೀಬ್ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬಲವಾದ ಗಾಳಿ ಬೀಸುತ್ತದೆ. ಬಂದರಿನ ಕಡೆಗೆ ಹೋಗುವವನಿಗೆ ಅದು ಎದುರುಗಾಳಿ. ಸವಾರನ ವೇಗ ಗಂಟೆಗೆ ೭೦ ಕಿಲೋಮೀಟರ್, ಎದುರುಗಾಳಿಯ ವೇಗ ೩೦ ಆದರೆ, ಗಾಳಿಯ ಪಾಲಿಗೆ ಅವನ ವೇಗ ೧೦೦. ನೂರನ್ನು ಎಪ್ಪತ್ತರಿಂದ ಭಾಗಿಸಿ ವರ್ಗ ಮಾಡಿದರೆ ಎರಡಕ್ಕಿಂತ ತುಸು ಹೆಚ್ಚು ಬರುತ್ತದೆ. ಎಂದರೆ ಗಾಳಿಯ ಅಡ್ಡಿ ಇಮ್ಮಡಿಯಾಯಿತು! ಚಕ್ರದ ಉರುಳು ಘರ್ಷಣೆ ಹಾಗೆಯೇ ಉಳಿಯುವುದರಿಂದ ಪೆಟ್ರೋಲಿನ ಖರ್ಚು ಇಮ್ಮಡಿಯಾಗದು. ಆದರೂ ಲೀಟರಿಗೆ ೨೦ ದೊರೆಯುತ್ತಿದ್ದಲ್ಲಿ ೧೪ ದೊರೆತರೆ ಆಶ್ಚರ್ಯವಿಲ್ಲ. ಹದಿನೈದು ಲೀಟರಿಗೆ ಈಗ ೨೧೦ ಕಿಲೋಮೀಟರ್. ದಾರಿ ೨೩೦. ಬಂದರು ಇನ್ನೂ ೨೦ ಕಿಲೋಮೀಟರ್ ಇರುವಾಗ ಯಂತ್ರ ನಿಲ್ಲುತ್ತದೆ.

ಆದುದರಿಂದ ಎರಡು ತೀರ್ಮಾನಗಳು. ಒಂದು, ಗಾಳಿ ಏಳುವ ಮೊದಲೇ, ಬೆಳಗಿನಲ್ಲಿ ಹೊರಡಬೇಕು. ಎರಡು, ಗಟ್ಟಿಯಾದ ಡಬ್ಬಿಯಲ್ಲಿ ೫ ಲೀಟರ್ ಹೆಚ್ಚಿಗೆ ಒಯ್ಯಬೇಕು. ಆಗ ಕೆಟ್ಟ ಗಾಳಿಯಲ್ಲಿಯೂ ೨೮೦ ಕಿಲೋಮೀಟರ್ ಸಾಗಬಹುದು. ನದಿಯ ದಾಟು ದಾರಿಯ ಮೊದಲ ಅರ್ಧದಲ್ಲಿಯೇ ಬರುವುದರಿಂದ, ಅಲ್ಲಿ ರಸ್ತೆ ಮುಚ್ಚಿದ್ದರೂ ಹಿಂದಿರುಗಿ ಸಾಲಿಟೇರ್ ಸೇರಲು ಸಾಕಾಗುತ್ತದೆ. ಹೋಗುವ ದಾರಿಯ ಲೆಕ್ಕದೊಡನೆ ಮರಳುವ ದಾರಿಯ ಲೆಕ್ಕವೂ ಕೂಡಿಬಂದಾಗಲೇ ಯೋಜನೆ ಪೂರ್ಣವಾದಂತೆ.

ಟ್ಯಾಂಕನ್ನೂ ಡಬ್ಬಿಯನ್ನೂ ಕಂಠದವರೆಗೆ ತುಂಬಬಾರದು. ಪೆಟ್ರೋಲು ಒಂದು ಡಿಗ್ರಿಗೆ ತನ್ನ ಗಾತ್ರದ ಸುಮಾರು ೦.೦೦೦೯೫ ಭಾಗದಷ್ಟು ಹಿಗ್ಗುತ್ತದೆ. ಮುಂಜಾನೆಯ ೨೦ ಡಿಗ್ರಿಯಲ್ಲಿ ತುಂಬಿದ ೧೫ ಲೀಟರ್ ಬಿಸಿಲಿನಲ್ಲಿ ೫೦ ಡಿಗ್ರಿಗೆ ಏರಿದರೆ ಸುಮಾರು ೪೩೦ ಮಿಲಿಲೀಟರ್ ಹೆಚ್ಚಾಗುತ್ತದೆ. ಅದು ಹೊರಚೆಲ್ಲಿ ಬಿಸಿಯಾದ ಯಂತ್ರದ ಮೇಲೆ ಬಿದ್ದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ಯಂತ್ರಕ್ಕೂ ಉಸಿರು ಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಉರಿಯಲು ೧೪ರಿಂದ ೧೫ ಕಿಲೋಗ್ರಾಂ ಗಾಳಿ ಅಗತ್ಯ. ಹದಿನೈದು ಲೀಟರ್ ಪೆಟ್ರೋಲಿನ ತೂಕ ಸುಮಾರು ೧೧ ಕಿಲೋಗ್ರಾಂ. ಅದಕ್ಕೆ ಬೇಕಾಗುವ ಗಾಳಿ ಸುಮಾರು ೧೬೦ ಕಿಲೋಗ್ರಾಂ, ಎಂದರೆ ೧೫೦ ಘನಮೀಟರಿಗೆ ಹತ್ತಿರ. ದೊಡ್ಡ ಕೊಠಡಿಗಳು ಎರಡು ಮೂರರಲ್ಲಿ ಹಿಡಿಯುವ ಗಾಳಿಯಷ್ಟೂ ಧೂಳುಸಮೇತ ಯಂತ್ರದ ಬಾಯಿಗೆ ಬರುತ್ತದೆ. ಗಾಳಿಶೋಧಕವನ್ನು ದಿನವೂ ಬಿಚ್ಚಿ ಕೊಡವಬೇಕೆಂಬ ನಿಯಮ ಹುಟ್ಟಿದುದು ಇದರಿಂದ.

ಚಕ್ರದ ಕೆಳಗಿನ ನೆಲ

ಡಾಮರಿನ ಮೇಲೆ ಒಣ ಚಕ್ರದ ಘರ್ಷಣಾ ಗುಣಾಂಕ ಸುಮಾರು ೦.೭, ಸಡಿಲ ಜಲ್ಲಿಯ ಮೇಲೆ ಅದರ ಅರ್ಧ, ೦.೩೫. ತಡೆ ಹಾಕಿದ ಮೇಲೆ ವಾಹನ ಜಾರುವ ದೂರ ವೇಗದ ವರ್ಗಕ್ಕೆ ನೇರ ಅನುಪಾತದಲ್ಲಿಯೂ ಘರ್ಷಣಾ ಗುಣಾಂಕಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆಂದು ವಿದ್ಯಾರ್ಥಿಗಳು ಬಲ್ಲರು. ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಡಾಮರಿನ ಮೇಲೆ ಈ ದೂರ ೩೬ ಮೀಟರ್. ಜಲ್ಲಿಯ ಮೇಲೆ ೭೨. ವೇಗವನ್ನು ೬೦ಕ್ಕೆ ಇಳಿಸಿದರೆ ಜಲ್ಲಿಯ ಮೇಲೂ ೪೦ ಮೀಟರಿನಲ್ಲಿ ನಿಲ್ಲಬಹುದು. ಸಂಜೆಯ ಹೊತ್ತು ರಸ್ತೆಗೆ ಅಡ್ಡ ಬರುವ ಜಿಂಕೆ ಜಾತಿಯ ಪ್ರಾಣಿಗಳನ್ನು ನೆನೆದರೆ, ಕತ್ತಲಾಗುವ ಮೊದಲೇ ಪಯಣ ಮುಗಿಸಬೇಕೆಂಬುದೂ ಸ್ಪಷ್ಟ.

ಜಲ್ಲಿಯ ರಸ್ತೆಯಲ್ಲಿ ಅಡ್ಡಡ್ಡವಾಗಿ, ತಗಡಿನ ಮಡಿಕೆಗಳಂತೆ, ಏರುತಗ್ಗುಗಳು ಮೂಡುತ್ತವೆ. ಇವು ಯಾರೂ ಮಾಡದೆ ತಾವಾಗಿಯೇ ಹುಟ್ಟುತ್ತವೆ. ತಿರುಗುವ ತಟ್ಟೆಯ ಮೇಲೆ ಮರಳು ಹರಡಿ ಅದರ ಮೇಲೆ ಚಕ್ರವನ್ನು ಉರುಳಿಸಿದ ವಿಜ್ಞಾನಿಗಳು, ವೇಗ ಒಂದು ಮಿತಿಯನ್ನು ಮೀರಿದೊಡನೆ ನುಣುಪಾದ ಮರಳಿನಲ್ಲಿ ಅಲೆಗಳೇಳುವುದನ್ನು ೨೦೦೭ರಲ್ಲಿ ಪ್ರಕಟಿಸಿದರು. ಅಲೆಗಳ ನಡುವಣ ಅಂತರ ೭೦ ಸೆಂಟಿಮೀಟರ್, ವಾಹನದ ವೇಗ ಸೆಕೆಂಡಿಗೆ ೧೦ ಮೀಟರ್ ಆದರೆ, ಸೆಕೆಂಡಿಗೆ ೧೪ ಬಾರಿ ಏಟು ಬೀಳುತ್ತದೆ. ಇಂಥ ಕಂಪನದಲ್ಲಿ ತಿರುಪುಮೊಳೆಗಳು ಸಡಿಲವಾಗುತ್ತವೆ. ಪ್ರತಿ ನಿಲುಗಡೆಯಲ್ಲಿಯೂ ಅವುಗಳನ್ನು ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಮರಳು ಮೆತ್ತಗಿರುವಲ್ಲಿ ಚಕ್ರದ ಗಾಳಿಯನ್ನು ತಗ್ಗಿಸಬೇಕು. ವಾಹನ, ಸವಾರ, ಹೊರೆ ಸೇರಿ ೩೦೦ ಕಿಲೋಗ್ರಾಂ ಎನ್ನೋಣ. ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಒತ್ತಡವಿದ್ದಾಗ ಎರಡು ಚಕ್ರಗಳೂ ಸೇರಿ ನೆಲವನ್ನು ಮುಟ್ಟುವ ಭಾಗ ಸುಮಾರು ೧೫೦ ಚದರ ಸೆಂಟಿಮೀಟರ್, ಒತ್ತಡವನ್ನು ೧.೨ಕ್ಕೆ ಇಳಿಸಿದರೆ ೨೫೦. ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಹೂಳುವುದಿಲ್ಲ. ಈ ಉಪಾಯವನ್ನು ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಲಿಬಿಯದ ಮರುಭೂಮಿಯನ್ನು ಮೋಟಾರು ಗಾಡಿಗಳಲ್ಲಿ ಸುತ್ತಿದ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿ ಚೆನ್ನಾಗಿ ಬಳಸಿಕೊಂಡನು. ಹಾರುವ ಮರಳಿನ ಮೇಲೆ ೧೯೪೧ರಲ್ಲಿ ಅವನು ಪ್ರಕಟಿಸಿದ ಗ್ರಂಥ ಇಂದಿಗೂ ಆ ಶಾಸ್ತ್ರದ ಅಡಿಗಲ್ಲು. ಗಟ್ಟಿ ನೆಲ ಬಂದೊಡನೆ ಮತ್ತೆ ಗಾಳಿ ತುಂಬಬೇಕಾದುದರಿಂದ ಕೈಪಂಪು ಜೊತೆಯಲ್ಲಿರಬೇಕು.

ಗಾಳಿಯ ಒತ್ತಡವನ್ನು ಅಳೆಯುವುದು ಚಕ್ರ ತಣ್ಣಗಿರುವಾಗ. ಬೆಳಗಿನ ೧೫ ಡಿಗ್ರಿಯಲ್ಲಿ ಮಾಪಕ ೨ ವಾಯುಭಾರವನ್ನು ತೋರಿಸಿದರೆ ಚಕ್ರದೊಳಗಿನ ನಿಜವಾದ ಒತ್ತಡ ೩. ಮಧ್ಯಾಹ್ನ ಚಕ್ರದ ಗಾಳಿ ೬೦ ಡಿಗ್ರಿಗೇರಿದಾಗ, ನಿರಪೇಕ್ಷ ಉಷ್ಣತೆ ೨೮೮ರಿಂದ ೩೩೩ಕ್ಕೆ ಏರಿ, ಒತ್ತಡ ಸುಮಾರು ೩.೪೭ ಆಗುತ್ತದೆ, ಮಾಪಕದಲ್ಲಿ ೨.೪೭. ಇದನ್ನು ಕಂಡು ಗಾಬರಿಯಿಂದ ಗಾಳಿ ಬಿಟ್ಟವನ ಚಕ್ರ ರಾತ್ರಿಯ ಚಳಿಯಲ್ಲಿ ಕುಗ್ಗಿರುತ್ತದೆ.

ನೀರಿನ ಲೆಕ್ಕ

ಪೆಟ್ರೋಲು ತೀರಿದರೆ ವಾಹನ ನಿಲ್ಲುತ್ತದೆ. ನೀರು ತೀರಿದರೆ ಸವಾರನೇ ನಿಲ್ಲುತ್ತಾನೆ. ಆದುದರಿಂದ ಈ ಲೆಕ್ಕವನ್ನು ಹೆಚ್ಚು ಎಚ್ಚರಿಕೆಯಿಂದ ಮಾಡೋಣ.

ನಮ್ಮ ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಂಪಾಗಿರುವಾಗ ಶಾಖ ದೇಹದಿಂದ ಗಾಳಿಗೆ ಹರಿಯುತ್ತದೆ. ಗಾಳಿ ೪೨ ಡಿಗ್ರಿ ಇದ್ದರೆ ಹರಿವು ತಿರುಗಿ, ಗಾಳಿಯಿಂದಲೇ ದೇಹಕ್ಕೆ ಶಾಖ ಬರುತ್ತದೆ. ಆಗ ದೇಹಕ್ಕೆ ಉಳಿಯುವ ಬಾಗಿಲು ಒಂದೇ: ಬೆವರು ಆವಿಯಾಗುವುದು. ಚರ್ಮದ ಮೇಲೆ ಒಂದು ಕಿಲೋಗ್ರಾಂ ನೀರು ಆವಿಯಾದರೆ ಸುಮಾರು ೨೪ ಲಕ್ಷ ಜೌಲ್ ಶಾಖವನ್ನು ಗುಪ್ತೋಷ್ಣವಾಗಿ ಒಯ್ಯುತ್ತದೆ.

ಜಲ್ಲಿಯ ಮೇಲೆ ವಾಹನವನ್ನು ಹಿಡಿದಿಡುವ ಸವಾರನ ದೇಹದಲ್ಲಿ ಹುಟ್ಟುವ ಶಾಖ, ಬಿಸಿಲು ಮತ್ತು ಬಿಸಿಗಾಳಿ ಕೊಡುವ ಶಾಖ ಎಲ್ಲ ಸೇರಿ ೫೦೦ ವಾಟ್ ಎಂದಿಟ್ಟುಕೊಳ್ಳೋಣ. ಗಂಟೆಗೆ ೧೮ ಲಕ್ಷ ಜೌಲ್ ಆಯಿತು. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಗಂಟೆಗೆ ಮುಕ್ಕಾಲು ಲೀಟರ್ ಬೆವರು. ನಮ್ಮ ದಾರಿಗೆ ನಿಲುಗಡೆಗಳೂ ಸೇರಿ ಐದು ಗಂಟೆ ಹಿಡಿದರೆ ಸುಮಾರು ೪ ಲೀಟರ್. ಇದು ಎಲ್ಲವೂ ಸುಗಮವಾದಾಗಿನ ಲೆಕ್ಕ. ಯಂತ್ರ ಕೆಟ್ಟು ಒಂದು ಹಗಲು ಒಂದು ರಾತ್ರಿ ಕಾಯಬೇಕಾದರೆ ಇನ್ನೂ ೪ ಲೀಟರ್. ಚೆಲ್ಲಿಹೋದುದಕ್ಕೆ, ದಾರಿಯಲ್ಲಿ ಸಿಕ್ಕ ಇನ್ನೊಬ್ಬನಿಗೆ ಎಂದು ೨ ಲೀಟರ್. ಒಟ್ಟು ೧೦ ಲೀಟರ್, ೧೦ ಕಿಲೋಗ್ರಾಂ. ಈ ಭಾರವನ್ನು ಹಿಂಬದಿಯಲ್ಲಿ ಎತ್ತರಕ್ಕೆ ಕಟ್ಟದೆ, ಎರಡು ಬದಿಗೂ ಸಮನಾಗಿ, ಆದಷ್ಟು ಕೆಳಗೆ ಹಂಚಿದರೆ ಗುರುತ್ವಕೇಂದ್ರ ಏರುವುದಿಲ್ಲ. ನೀರು ಒಂದೇ ಪಾತ್ರೆಯಲ್ಲಿರಬಾರದು. ಒಂದು ಒಡೆದರೂ ಇನ್ನೊಂದು ಉಳಿಯಬೇಕು.

'ಸೆಕೆಯಾದರೆ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಮೈಯೊಡ್ಡಿದರಾಯಿತು' ಎಂದು ತೋರಬಹುದು. ಮರುಭೂಮಿಯಲ್ಲಿ ಇದು ತಪ್ಪು. ಒಣಗಾಳಿಯಲ್ಲಿ ಬೆವರು ಹುಟ್ಟಿದೊಡನೆ ಆವಿಯಾಗುತ್ತದೆ. ಅದಕ್ಕಿಂತ ಹೆಚ್ಚು ಗಾಳಿ ತಂಪನ್ನು ತರದು, ತನ್ನ ಶಾಖವನ್ನೇ ತಂದು ಸುರಿಯುತ್ತದೆ. ಮೈ ಒಣಗಿಯೇ ಇರುವುದರಿಂದ ಬೆವರುತ್ತಿದ್ದೇನೆಂಬ ಅರಿವೂ ಸವಾರನಿಗಾಗುವುದಿಲ್ಲ. ಆದುದರಿಂದ ಒಳಗಿನ ಅಂಗಿಯನ್ನು ನೀರಿನಲ್ಲಿ ನೆನೆಸಿ, ಮೇಲಂಗಿಯನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ಅಲ್ಪಸ್ವಲ್ಪ ಗಾಳಿಯಾಡಲು ಬಿಡುವುದು ಮೇಲು. ನಮ್ಮ ಮನೆಯ ಮಣ್ಣಿನ ಹೂಜಿ ನೀರನ್ನು ತಂಪಾಗಿಡುವ ತತ್ತ್ವವೇ ಇಲ್ಲಿ ಮೈಯನ್ನು ತಂಪಾಗಿಡುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಮರುಭೂಮಿಯಲ್ಲಿ ಸೈನಿಕರನ್ನು ಪರೀಕ್ಷಿಸಿ, ೧೯೪೭ರಲ್ಲಿ ತಮ್ಮ ಫಲಿತಾಂಶಗಳನ್ನು ಪುಸ್ತಕವಾಗಿ ಹೊರತಂದರು. ಬಿಸಿಲಿನಲ್ಲಿ ಬರಿಮೈಯವನಿಗಿಂತ ಬಟ್ಟೆ ತೊಟ್ಟವನು ಕಡಿಮೆ ಬೆವರುತ್ತಾನೆ. ಬಾಯಾರಿಕೆ ತಿಳಿಸುವಷ್ಟೇ ಕುಡಿದವನು ಕಳೆದುಕೊಂಡುದಕ್ಕಿಂತ ಕಡಿಮೆ ಕುಡಿದಿರುತ್ತಾನೆ ಎಂಬುದನ್ನು ಅವರು ಕಂಡರು. ನೀರನ್ನು ಗುಟುಕು ಗುಟುಕಾಗಿ ಉಳಿಸಿಟ್ಟರೆ ಬೆವರು ಕಡಿಮೆಯಾಗುವುದಿಲ್ಲ. ಸೀಸೆಯಲ್ಲಿ ನೀರಿಟ್ಟುಕೊಂಡೇ ಬವಳಿ ಬಿದ್ದವನಿಗೆ ಆ ನೀರಿನಿಂದ ಬಂದ ಪ್ರಯೋಜನವೇನು? ಉಳಿಸಬೇಕಾದುದು ನೀರನ್ನಲ್ಲ, ಬೆವರನ್ನು.

ನಡೆಯುವುದೋ, ಕಾಯುವುದೋ?

ಈಗ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ವಾಹನ ನಡುದಾರಿಯಲ್ಲಿ ಕೆಟ್ಟಿತು. ಕೈಯಲ್ಲಿ ೬ ಲೀಟರ್ ನೀರಿದೆ. ಮನಸ್ಸು 'ನಡೆದುಬಿಡು' ಎನ್ನುತ್ತದೆ. ಗಣಿತ ಏನೆನ್ನುತ್ತದೆ?

ಬಿಸಿಲಿನಲ್ಲಿ ನಡೆಯುವವನ ದೇಹ ಹೊರಹಾಕಬೇಕಾದ ಶಾಖ ೭೦೦ ವಾಟ್ ಎಂದರೆ, ಗಂಟೆಗೆ ೨೫ ಲಕ್ಷ ಜೌಲ್. ಖರ್ಚು ಒಂದು ಲೀಟರಿಗೂ ತುಸು ಮೇಲೆ. ಗಂಟೆಗೆ ೪ ಕಿಲೋಮೀಟರ್ ನಡೆದರೆ ೬ ಲೀಟರಿಗೆ ಸುಮಾರು ೨೩ ಕಿಲೋಮೀಟರ್. ಹತ್ತಿರದ ನೀರು ನೂರು ಕಿಲೋಮೀಟರಿನಾಚೆ. ಅದೇ ಸವಾರನು ವಾಹನಕ್ಕೆ ಬಟ್ಟೆ ಕಟ್ಟಿ ನೆರಳು ಮಾಡಿಕೊಂಡು ಸುಮ್ಮನೆ ಕುಳಿತರೆ ಶಾಖ ಸುಮಾರು ೨೦೦ ವಾಟ್, ಗಂಟೆಗೆ ೦.೩ ಲೀಟರ್. ಹತ್ತು ಗಂಟೆಯ ಹಗಲಿಗೆ ೩ ಲೀಟರ್. ತಂಪಾದ ರಾತ್ರಿಗೆ ಒಂದು. ಆರು ಲೀಟರಿನಲ್ಲಿ ಒಂದು ಹಗಲು, ಒಂದು ರಾತ್ರಿ, ಮತ್ತೆ ಮರುದಿನದ ಮಧ್ಯಾಹ್ನದವರೆಗೆ ಅವನು ಸುರಕ್ಷಿತ. ಸಿ-೧೪ ಸಾರ್ವಜನಿಕ ರಸ್ತೆ. ವಾಹನಗಳು ವಿರಳವಾದರೂ ಬರುತ್ತವೆ. ಇದಲ್ಲದೆ ವಿಶಾಲವಾದ ಬಯಲಿನಲ್ಲಿ ನಡೆಯುವ ಮನುಷ್ಯ ಒಂದು ಚುಕ್ಕೆ. ರಸ್ತೆಯ ಬದಿಯ ವಾಹನ ದೂರಕ್ಕೆ ಕಾಣುವ ಗುರುತು.

ನೀರೇ ಇಲ್ಲದಿದ್ದರೆ? ನೆರಳಿನ ಉಷ್ಣತೆ ೪೯ ಡಿಗ್ರಿ ಇರುವಲ್ಲಿ, ಅಲುಗಾಡದೆ ಕುಳಿತವನೂ ಸುಮಾರು ಎರಡು ದಿನ ಬದುಕಬಹುದೆಂದು ಅಡಾಲ್ಫ್ ತಂಡದವರು ಅಂದಾಜು ಮಾಡಿದರು. ೩೮ ಡಿಗ್ರಿಯಲ್ಲಿ ಅದು ಐದು ದಿನಗಳಿಗೆ ಏರುತ್ತದೆ. ಆದುದರಿಂದ ಹೊರಡುವ ಮುನ್ನ, 'ಇಂಥ ರಸ್ತೆಯಲ್ಲಿ ಹೋಗುತ್ತೇನೆ, ಇಷ್ಟು ಹೊತ್ತಿಗೆ ತಲುಪುತ್ತೇನೆ, ತಲುಪದಿದ್ದರೆ ಹುಡುಕಿಸಿ' ಎಂದು ವಸತಿಗೃಹದಲ್ಲಿ ಹೇಳಿ ಹೋಗಬೇಕು. ಕಿಸೆಯ ದೂರವಾಣಿಯನ್ನೇ ನಂಬಬಾರದು; ಬಯಲಿನ ಬಹುಭಾಗದಲ್ಲಿ ಅದಕ್ಕೆ ಸಂಕೇತ ಸಿಗದು. ಉಪಗ್ರಹಗಳ ನೆರವಿನಿಂದ ನಾವಿರುವ ಸ್ಥಳವನ್ನು ಅದು ತೋರಿಸಬಲ್ಲದು. ಆದರೆ ಅದನ್ನು ಬೇರೆಯವರಿಗೆ ತಿಳಿಸಲಾರದು. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವಿದ್ದರೆ ಲೇಸು.

ಕಣ್ಣಿಗೆ ಕಾಣುವುದು

ರಸ್ತೆಯ ತುದಿಯಲ್ಲಿ ನೀರಿನ ಹೊಂಡ ಹೊಳೆದರೆ ನಂಬಬಾರದು. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ವಿರಳವಾಗಿರುವುದರಿಂದ, ಆಕಾಶದಿಂದ ಇಳಿಯುವ ಬೆಳಕಿನ ಕಿರಣ ವಕ್ರೀಭವನದಿಂದ ಮೇಲಕ್ಕೆ ಬಾಗಿ ಕಣ್ಣನ್ನು ಸೇರುತ್ತದೆ. ನಾವು ಕಾಣುವುದು ಆಕಾಶದ ತುಣುಕು, ಅದೇ ಬಿಸಿಲ್ಗುದುರೆ. ದಿಕ್ಕಿನ ವಿಷಯದಲ್ಲಿಯೂ ಎಚ್ಚರ ಬೇಕು. ಜೂನ್ ತಿಂಗಳಲ್ಲಿ ಅಲ್ಲಿಯ ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ. ಸೂರ್ಯನನ್ನು ದಕ್ಷಿಣದಲ್ಲಿ ಕಂಡು ಬೆಳೆದ ಉತ್ತರ ದೇಶದವನು ದಿಕ್ಕು ತಪ್ಪುವುದು ಸುಲಭ.

ಕೊನೆಯ ಮೂವತ್ತು ನಲವತ್ತು ಕಿಲೋಮೀಟರುಗಳಲ್ಲಿ ಮರುಭೂಮಿ ಇನ್ನೊಂದು ಮುಖವನ್ನು ತೋರಿಸುತ್ತದೆ. ಕರಾವಳಿಯ ಬಳಿ ಹರಿಯುವ ಬೆಂಗ್ವೆಲ ಎಂಬ ತಣ್ಣನೆಯ ಸಾಗರಪ್ರವಾಹ ಗಾಳಿಯನ್ನು ತಂಪಾಗಿಸಿ ಮಂಜನ್ನು ಹುಟ್ಟಿಸುತ್ತದೆ. ಮೋಡವೇಳಲು ಬೇಕಾದ ಮೇಲ್ಮುಖ ಚಲನೆಯನ್ನು ಅದೇ ತಂಪು ತಡೆಯುವುದರಿಂದ ಮಳೆಯಿಲ್ಲ. ಸಮುದ್ರದ ಅಂಚಿನಲ್ಲಿಯೇ ಮರುಭೂಮಿ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಳಿಗ್ಗೆ ಬೆವರಿದ ಸವಾರ ಸಂಜೆ ನಡುಗುತ್ತಾನೆ. ಬಿಸಿಲಿನ ನಾಡೆಂದು ಬೆಚ್ಚನೆಯ ಉಡುಪನ್ನು ಮನೆಯಲ್ಲಿ ಬಿಟ್ಟುಬಂದವನಿಗೆ ಸಾಗರ ಈ ಪಾಠವನ್ನು ಕಲಿಸುತ್ತದೆ.

ಇಲ್ಲಿ ಬಳಸಿದ ಸೂತ್ರಗಳಲ್ಲಿ ಹೊಸದೊಂದೂ ಇಲ್ಲ. ಗುಪ್ತೋಷ್ಣ, ಘರ್ಷಣೆ, ಅನಿಲಗಳ ನಿಯಮ, ದ್ರವಗಳ ಹಿಗ್ಗುವಿಕೆ, ಇವೆಲ್ಲ ಪರೀಕ್ಷೆಗೆಂದು ಓದಿದವೇ. ಹೊರಡುವ ಹಿಂದಿನ ಸಂಜೆ ಒಂದು ಹಾಳೆಯ ಮೇಲೆ ಇವುಗಳನ್ನು ಬರೆದು ಲೆಕ್ಕ ಮಾಡಿದವನಿಗೆ ಮರುಭೂಮಿ ನೋಡತಕ್ಕ ಚೆಲುವಾದ ನಾಡು. ಲೆಕ್ಕ ಮಾಡದವನಿಗೆ ಅದು ಅದೃಷ್ಟದ ಆಟ.

ಅಭ್ಯಾಸ

೧. ಹತ್ತು ಡಿಗ್ರಿಯಲ್ಲಿ ೧೮ ಲೀಟರಿನ ಟ್ಯಾಂಕನ್ನು ಕಂಠದವರೆಗೆ ತುಂಬಲಾಗಿದೆ. ಪೆಟ್ರೋಲು ೫೦ ಡಿಗ್ರಿಗೆ ಏರಿದರೆ ಎಷ್ಟು ಹೊರಚೆಲ್ಲುತ್ತದೆ? ಟ್ಯಾಂಕಿನ ಹಿಗ್ಗುವಿಕೆಯನ್ನು ಗಣಿಸಬೇಡಿ.

೨. ಒಬ್ಬ ಸವಾರನ ಮುಂದಿನ ತುಣುಕು ೧೮೦ ಕಿಲೋಮೀಟರ್. ಟ್ಯಾಂಕು ೧೧ ಲೀಟರ್. ಗಾಳಿಯಿಲ್ಲದಾಗ ಲೀಟರಿಗೆ ೨೪ ಕಿಲೋಮೀಟರ್. ಎದುರುಗಾಳಿಯಲ್ಲಿ ಇದು ನೂರಕ್ಕೆ ಮೂವತ್ತರಷ್ಟು ಇಳಿದರೆ ಅವನು ತಲುಪುವನೇ? ಡಬ್ಬಿಯಿಲ್ಲದೆ ಹೊರಡಬಹುದೇ?

ಉತ್ತರಗಳು: ೧. ಸುಮಾರು ೦.೬೮ ಲೀಟರ್. ೨. ಸುಮಾರು ೧೮೫ ಕಿಲೋಮೀಟರ್ ಸಾಗುತ್ತಾನೆ, ಎಂದರೆ ತಲುಪುತ್ತಾನೆ. ಆದರೆ ಉಳಿತಾಯ ಐದೇ ಕಿಲೋಮೀಟರ್, ನಡುದಾರಿಯನ್ನು ಮೀರಿದ ಮೇಲೆ ಹಿಂದಿರುಗುವಂತಿಲ್ಲ. ಡಬ್ಬಿಯಿಲ್ಲದೆ ಹೊರಡಕೂಡದು.